ರೆಕ್ಕೆ ನಿಲ್ಲಬಾರದು

ಗುಬ್ಬಿ, 6 ಫೆಬ್ರವರಿ 2023, ಸೋಮವಾರ

ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆ ಇವತ್ತು ಉದ್ಘಾಟನೆ ಆಯಿತು. 615 ಎಕರೆ. 2016ರ ಜನವರಿಯಲ್ಲಿ ಅಡಿಗಲ್ಲು ಹಾಕಿದಾಗ ಮಗಳು ಪ್ರೈಮರಿ ಶಾಲೆಯಲ್ಲಿದ್ದಳು. ಈಗ ಎರಡನೇ ಪಿಯುಸಿ ಪರೀಕ್ಷೆಗೆ ಓದುತ್ತಿದ್ದಾಳೆ.

ಬೆಳಿಗ್ಗೆಯಿಂದ ಊರು ತುಂಬ ಪೊಲೀಸರು. ಸ್ಟುಡಿಯೊ ಅರ್ಧ ಬಾಗಿಲು ಹಾಕಿಕೊಂಡು ಕೂತೆವು. ಪ್ರಧಾನಿ ಬರುವ ದಿನ. ಕ್ಯಾಮೆರಾ ಬ್ಯಾಗಿನಿಂದ ತೆಗೆಯಲಿಲ್ಲ. ಮಧ್ಯಾಹ್ನ ಎಂಐ-17 ಹೆಲಿಕಾಪ್ಟರುಗಳ ಸದ್ದು ಬಂತು. ಮೊದಲು ಎದೆಗೆ ತಾಗಿತು, ಆಮೇಲೆ ಕಿವಿಗೆ. ಗೋಡೆಯ ಮೇಲಿದ್ದ ಮದುವೆ ಫ್ರೇಮುಗಳು ಕಟಕಟ ಅಂದವು. ನಾನು ಸುಮ್ಮನೆ ಕೂತು ಕೇಳಿದೆ.

ಸ್ಟುಡಿಯೊ ಹುಡುಗ ಮಂಜ ತಡೆಯಲಾರದೆ ಮೊಬೈಲಿನಲ್ಲಿ ಒಂದು ಫೋಟೊ ಹೊಡೆದುಕೊಂಡು ಬಂದ. ರೆಕ್ಕೆಗಳೆಲ್ಲ ಕುಡುಗೋಲಿನ ಹಾಗೆ ಬಾಗಿವೆ. ಒಂದು ರೆಕ್ಕೆಯಂತೂ ಬುಡ ಬಿಟ್ಟು ಬೇರೆಯೇ ತೇಲುತ್ತಿದೆ. "ಮೊಬೈಲ್ ಕೆಟ್ಟೋಯ್ತಾ ಅಕ್ಕ?" ಕೆಟ್ಟಿಲ್ಲ. ಮೊಬೈಲಿನ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಏಟಿಗೆ ಓದುವುದಿಲ್ಲ, ಸಾಲು ಸಾಲಾಗಿ ಓದುತ್ತದೆ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ರೆಕ್ಕೆ ಮುಂದಕ್ಕೆ ಹೋಗಿರುತ್ತದೆ. ಡಿಲೀಟ್ ಮಾಡಬೇಡ ಅಂದೆ. ಆ ಫೋಟೊ ಭಾವನಿಗೆ ವಾಟ್ಸ್‌ಆ್ಯಪ್ ಮಾಡಿದೆ.

ರಾತ್ರಿ ಹತ್ತಾದರೂ ಉತ್ತರ ಇಲ್ಲ. ನೀಲಿ ಗೆರೆ ಮಾತ್ರ ಬಂದಿದೆ.

9 ಫೆಬ್ರವರಿ, ಗುರುವಾರ

ಯಲಹಂಕದ ಏರೋ ಇಂಡಿಯಾ ವೈಮಾನಿಕ ಪ್ರದರ್ಶನಕ್ಕೆ 16ರ ಪಾಸು ಸಿಕ್ಕಿತು. ಸಾರ್ವಜನಿಕರಿಗೆ ಎರಡೇ ದಿನ, 16 ಮತ್ತು 17. ಬೆಂಗಳೂರಿನಲ್ಲಿ 200-500 ಲೆನ್ಸ್ ಬಾಡಿಗೆಗೆ ಹೇಳಿದ್ದೇನೆ. ನಮ್ಮನೆಯವರು ಮುಖ ನೋಡಿದರು. ಬಾಡಿಗೆ ದುಡ್ಡಿನಲ್ಲಿ ಒಂದು ಆಲ್ಬಮ್ ಪ್ರಿಂಟ್ ಆಗುತ್ತದೆ, ನಿಜ. ಆದರೂ ಬೇಡ ಅನ್ನಲಿಲ್ಲ.

ಅಕ್ಕನಿಗೆ ಫೋನ್ ಮಾಡಿ ಭಾವನೂ ಬರಲಿ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ಬರಲ್ಲ ಬಿಡೆ" ಅಂದಳು. ಅಷ್ಟೇ. ಎಚ್‌ಎಎಲ್‌ನ ಹೆಲಿಕಾಪ್ಟರ್ ವಿಭಾಗದಲ್ಲಿ ರೆಕ್ಕೆ ಮಾಡುವ ಶಾಪಿನಲ್ಲಿ ಒಂದು ಆಯಸ್ಸು ಕಳೆದ ಮನುಷ್ಯ. ಅವರ ಮನೆ ಇಂದಿಗೂ ಅನ್ನಸಂದ್ರಪಾಳ್ಯದಲ್ಲಿ, ತಲೆ ಮೇಲೇ ಹಾರಾಟ. ಯಾಕೆ ಬರುವುದಿಲ್ಲ?

12 ಫೆಬ್ರವರಿ, ಭಾನುವಾರ

ಇವತ್ತು ಸ್ಟುಡಿಯೊದ ಸೀಲಿಂಗ್ ಫ್ಯಾನೇ ಹೆಲಿಕಾಪ್ಟರ್. ಫ್ಯಾನು ಪೂರ್ತಿ ವೇಗದಲ್ಲಿ ನಿಮಿಷಕ್ಕೆ ಮುನ್ನೂರೈವತ್ತು ಸುತ್ತಿನ ಆಸುಪಾಸು. ಹೆಲಿಕಾಪ್ಟರಿನ ದೊಡ್ಡ ರೆಕ್ಕೆಗಳದ್ದೂ ಹತ್ತಿರ ಹತ್ತಿರ ಅದೇ ಲೆಕ್ಕ, ಕೆಲವು ಕಡಿಮೆ, ಕೆಲವು ಜಾಸ್ತಿ. ಅಷ್ಟು ದೊಡ್ಡ ಯಂತ್ರ ನಮ್ಮ ಫ್ಯಾನಿನ ಲಯದಲ್ಲೇ ತಿರುಗುತ್ತದೆ ಅನ್ನುವುದನ್ನು ನಂಬುವುದಕ್ಕೆ ಹೊತ್ತು ಬೇಕಾಯಿತು.

ಶಟರ್ 1/2000 ಸೆಕೆಂಡ್: ಫ್ಯಾನು ನಿಂತಿದೆ. ಕರೆಂಟು ಹೋದ ಮನೆ.
1/500: ನಿಂತಂತೆಯೇ. ತುದಿ ಸ್ವಲ್ಪ ಮಸುಕು.
1/125: ತಿರುಗುತ್ತಿದೆ ಅಂತ ಗೊತ್ತಾಗುತ್ತದೆ.
1/60: ಚೆನ್ನಾಗಿದೆ.
1/15: ಮೂರು ರೆಕ್ಕೆ ಸೇರಿ ಒಂದು ತಟ್ಟೆ.

ಆದರೆ ಫ್ಯಾನು ಎಲ್ಲಿಗೂ ಹೋಗುವುದಿಲ್ಲ. ಕ್ಯಾಮೆರಾ ಟ್ರೈಪಾಡಿನ ಮೇಲಿದೆ. ಅಲ್ಲಿ ಹೆಲಿಕಾಪ್ಟರ್ ಓಡುತ್ತಿರುತ್ತದೆ, 2.3 ಕಿಲೋ ಲೆನ್ಸ್ ನನ್ನ ಕೈಯಲ್ಲಿರುತ್ತದೆ. ರೆಕ್ಕೆ ತಿರುಗಿದಂತೆ ಕಾಣಬೇಕಾದರೆ ಶಟರ್ ನಿಧಾನವಾಗಬೇಕು, ಮೈ ಚೂಪಾಗಿ ಬರಬೇಕಾದರೆ ಶಟರ್ ವೇಗವಾಗಬೇಕು. ಎರಡೂ ಒಂದೇ ಫೋಟೊದಲ್ಲಿ ಬೇಕು.

ಸಂಜೆ ಬಿ.ಎಚ್. ರಸ್ತೆಯಲ್ಲಿ ನಿಂತು ಕೆಂಪು ಬಸ್ಸುಗಳನ್ನು ಹಿಂಬಾಲಿಸಿದೆ. ಮೊಣಕೈ ಪಕ್ಕೆಗೆ ಒತ್ತಿ, ಪಾದ ನೆಟ್ಟು, ಸೊಂಟದಿಂದ ತಿರುಗುವುದು. ಗುಂಡಿ ಒತ್ತಿದ ಮೇಲೂ ತಿರುಗುತ್ತಲೇ ಇರಬೇಕು. ಒತ್ತಿದ ಕ್ಷಣ ಮೈ ನಿಂತರೆ ಚಿತ್ರ ಹರಿದುಹೋಗುತ್ತದೆ. 1/60ರಲ್ಲಿ ಬಸ್ಸಿನ ಬೋರ್ಡು ಓದುವ ಹಾಗೆ ಬಂದಾಗ ಆದ ಖುಷಿ ಬಹಳ ದಿನದ ಮೇಲೆ ಆದದ್ದು. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ನೋಡಲಿ.

ಅನ್ನಸಂದ್ರಪಾಳ್ಯ, 15 ಫೆಬ್ರವರಿ, ಬುಧವಾರ, ರಾತ್ರಿ

ಭಾವ ಸೊರಗಿದ್ದಾರೆ. ಬಲಗಿವಿ ಪೂರ್ತಿ ಹೋಗಿದೆ. ಎಡಗಡೆ ಕೂತು ಮಾತಾಡಬೇಕು.

ಬಂದ ಕೂಡಲೇ ಮಹಡಿಗೆ ಹೋದೆ. ಅಕ್ಕ ಹಪ್ಪಳ ಒಣಹಾಕಿದ್ದಳು. ದೂರದಲ್ಲಿ ಒಂದು ಧ್ರುವ ಹೆಲಿಕಾಪ್ಟರ್ ಎದ್ದ ಸದ್ದು. ಕ್ಯಾಮೆರಾ ಎತ್ತುವ ಮೊದಲೇ ಕೆಳಗಿನಿಂದ ಭಾವನ ದನಿ: "ಫ್ಯಾಕ್ಟರಿ ಕಡೆ ಕ್ಯಾಮೆರಾ ತಿರುಗಿಸಬೇಡಮ್ಮ." ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಶಿಸ್ತು ಹಾಗೇ ಇದೆ. ಇಳಿಸಿದೆ.

ಊಟ ಆದ ಮೇಲೆ ಅವರೇ ಮಾತು ತೆಗೆದರು. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಲೆಕ್ಕ. ಧ್ರುವಕ್ಕೆ ನಿಮಿಷಕ್ಕೆ 300ಕ್ಕಿಂತ ಸ್ವಲ್ಪ ಮೇಲೆ. ಅಂದರೆ ಸೆಕೆಂಡಿಗೆ ಐದು ಸುತ್ತಿನ ಮೇಲೆ ಚೂರು. 1/1000ಕ್ಕೆ ರೆಕ್ಕೆ ಸರಿಯುವುದು ಎರಡು ಡಿಗ್ರಿ. 1/125ಕ್ಕೆ ಹದಿನೈದು. 1/60ಕ್ಕೆ ಮೂವತ್ತು. ನಾಲ್ಕು ರೆಕ್ಕೆ, ನಡುವೆ ತೊಂಬತ್ತು ಡಿಗ್ರಿ. ತಟ್ಟೆ ತುಂಬಬೇಕಾದರೆ 1/20. ಎಂಐ-17 ಇನ್ನೂ ನಿಧಾನ, ಸೆಕೆಂಡಿಗೆ ಮೂರು ಚಿಲ್ಲರೆ ಸುತ್ತು. ಅದಕ್ಕೆ ರೆಕ್ಕೆ ಐದು, ತಟ್ಟೆ ತುಂಬಲು 1/16. ಧ್ರುವದ ರೆಕ್ಕೆ ತುದಿ ಸೆಕೆಂಡಿಗೆ 200 ಮೀಟರಿಗಿಂತ ಹೆಚ್ಚು ಓಡುತ್ತದೆ. 1/60ರಲ್ಲಿ ಎರಡು ಆಳುದ್ದ, 1/2000ರಲ್ಲಿ ಅರ್ಧ ಗೇಣು.

ಆಮೇಲೆ ಅವರು ಹೇಳಿದ ಒಂದು ಮಾತು ಬರೆದಿಡಬೇಕು. ಸುತ್ತನ್ನು ರೆಕ್ಕೆಯ ಲೆಕ್ಕದಿಂದ ಗುಣಿಸಿದರೆ ಬರುವುದು ಕಿವಿಗೆ ಕೇಳುವ ಬಡಿತ. ಧ್ರುವಕ್ಕೆ ಸೆಕೆಂಡಿಗೆ ಇಪ್ಪತ್ತೊಂದು, ಎಂಐ-17ಕ್ಕೆ ಹದಿನಾರು. ತಟ್ಟೆ ತುಂಬುವ ಶಟರೂ ಅದೇ ಅಂಕಿ. "ಕಿವಿ ಚೆನ್ನಾಗಿದ್ದರೆ ಮೀಟರೇ ಬೇಡ ನಿನಗೆ" ಅಂದರು. ಅವರಿಗೆ ಕಿವಿ ಹೋಗಿದೆ. ಬಡಿತ ಮಾತ್ರ ಈಗಲೂ ಗೊತ್ತಾಗುತ್ತದಂತೆ, ಎದೆಯಲ್ಲಿ.

ಮಂಜನ ಫೋಟೊ ವಿಷಯ ತೆಗೆದೆ. "ಅದು ನೋಡಿ ಆ ರಾತ್ರಿ ಊಟ ಮಾಡಲಿಲ್ಲ" ಎಂದು ಅಕ್ಕ ಅಡುಗೆಮನೆಯಿಂದ. ಭಾವ ಏನೂ ಹೇಳಲಿಲ್ಲ.

ಅವರು ಮಲಗಿದ ಮೇಲೆ ಅಕ್ಕ ಹೇಳಿದಳು. 2007ರ ಫೆಬ್ರವರಿ 2, ಯಲಹಂಕದಲ್ಲಿ ಅಭ್ಯಾಸದ ವೇಳೆ ವಾಯುಪಡೆಯ ಸಾರಂಗ್ ಪ್ರದರ್ಶನ ತಂಡದ ಒಂದು ಧ್ರುವ ಬಿತ್ತು, ಪೈಲಟ್ ಒಬ್ಬರು ಹೋದರು. ಅವತ್ತಿನಿಂದ ಪ್ರದರ್ಶನಕ್ಕೆ ಅಂತ ಭಾವ ಹೋಗಿಲ್ಲ. ಯಾಕೆ ಅಂತ ಅವಳೂ ಕೇಳಿಲ್ಲ. ನಾನೂ ಕೇಳುವುದಿಲ್ಲ. 1992ರ ಆಗಸ್ಟ್ 20ರಂದು ಧ್ರುವ ಮೊದಲ ಸಲ ನೆಲ ಬಿಟ್ಟಾಗ ಇದೇ ಮನುಷ್ಯ ಬೀದಿಗೆಲ್ಲ ಪೇಡ ಹಂಚಿದ್ದರಂತೆ.

ನಿದ್ದೆ ಬರುತ್ತಿಲ್ಲ. ಬ್ಯಾಟರಿ ಚಾರ್ಜಿಗೆ ಹಾಕಿದ್ದೇನೆ. ನನ್ನ ಡಿ750 ಕ್ಯಾಮೆರಾದ ಡಯಲ್‌ನಲ್ಲಿ ಯು1ಕ್ಕೆ ಜೆಟ್ಟು ಕೂರಿಸಿದೆ: 1/2000, ಎಫ್/7.1. ಯು2ಕ್ಕೆ ಹೆಲಿಕಾಪ್ಟರ್: 1/125, ಐಎಸ್‌ಒ 100. ಫೋಕಸ್ಸನ್ನು ಶಟರಿನಿಂದ ಬಿಡಿಸಿ ಹೆಬ್ಬೆರಳಿನ ಗುಂಡಿಗೆ ಹಾಕಿದೆ.

ಯಲಹಂಕ, 16 ಫೆಬ್ರವರಿ, ಗುರುವಾರ

ಬೆಳಿಗ್ಗೆ 8.10. ಜಿಕೆವಿಕೆಯಿಂದ ಬಸ್ಸು. ಇನ್ನೂ ತಂಪು. ಮಂಜು ಅಲ್ಲ, ಧೂಳು. ಹದ್ದುಗಳು ಇವೆ. ಹತ್ತು ಕಿಲೋಮೀಟರ್ ಸುತ್ತ ಮಾಂಸದಂಗಡಿ ಮುಚ್ಚಿಸಿದ್ದಾರೆ, ಜನವರಿ 30ರಿಂದಲೇ. ಆದರೂ ಇವೆ.

9.40. ಜನರ ಬಾಯಲ್ಲೆಲ್ಲ ಎಫ್-35. ಭಾರತಕ್ಕೆ ಮೊದಲ ಸಲ ಬಂದಿದೆಯಂತೆ. ಜೆಟ್ಟುಗಳು ಯು1ರಲ್ಲಿ ಸಲೀಸು. ಅವುಗಳಲ್ಲಿ ಯೋಚಿಸುವುದಕ್ಕೆ ಏನೂ ಉಳಿಯುವುದಿಲ್ಲ: ವೇಗ ಹೆಚ್ಚಿಸು, ಹಿಡಿ. ಮೈಯೇ ಎಲ್ಲ.

10.30. ಪ್ರಚಂಡ ಹೆಲಿಕಾಪ್ಟರ್. ತೆಳ್ಳಗೆ, ಪಕ್ಕದಿಂದ ಕೂಡ ಎದುರಿಂದಲೇ ನೋಡುತ್ತಿದೆಯೇನೋ ಅನ್ನಿಸುವ ಮೂತಿ. 1/125ರಲ್ಲಿ ಮೈ ಚೂಪು, ರೆಕ್ಕೆಯಲ್ಲಿ ಚಲನೆ. ಬಾಲದ ಸಣ್ಣ ರೋಟರ್ ಹಲವು ಪಟ್ಟು ಜೋರಾಗಿ ತಿರುಗುವುದರಿಂದ ಅದು ಹೇಗೂ ತಟ್ಟೆ. ಹಿನ್ನೆಲೆಯ ಆಕಾಶ ಬೆಳ್ಳಗಿರುವುದರಿಂದ ಕ್ಯಾಮೆರಾ ಮೋಸಹೋಗಿ ಹೊಟ್ಟೆ ಕಪ್ಪಾಗಿಸುತ್ತದೆ. ಹುಲ್ಲಿನ ಮೇಲೆ ಬೆಳಕು ಅಳೆದು ಮ್ಯಾನ್ಯುಯಲ್ಲಿಗೆ ಹಾಕಿಕೊಂಡೆ. ಇನ್ನು ಹೊಗೆ ಬಂದರೂ ಮೋಡ ಬಂದರೂ ಅದು ಅಲುಗುವುದಿಲ್ಲ.

11.15. 1/60ಕ್ಕೆ ಇಳಿದೆ. ಈ ಬಿಸಿಲಿಗೆ ಐಎಸ್‌ಒ 100ರಲ್ಲಿ ಎಫ್/20ರ ತನಕ ಮುಚ್ಚಬೇಕು. ಮುಚ್ಚಿದರೆ ಸೆನ್ಸರಿನ ಮೇಲಿನ ಒಂದೊಂದು ಧೂಳಿನ ಕಣವೂ ಆಕಾಶದಲ್ಲಿ ಚುಕ್ಕೆ. ಲೆನ್ಸಿನ ಬಾಯಿ 95 ಮಿಲಿಮೀಟರ್. ಅದಕ್ಕೆ ಹಾಕುವ ಕಪ್ಪು ಫಿಲ್ಟರ್ ನನ್ನ ಕೈಗೆಟುಕುವ ಬೆಲೆಯದ್ದಲ್ಲ. ಐಎಸ್‌ಒ ಇನ್ನೂ ಒಂದು ಮೆಟ್ಟಿಲು ಇಳಿಸಿದೆ, ಎಫ್/14. ಹೆಚ್ಚಿನವು ಅಲುಗಿವೆ. ಉಳಿದವನ್ನು ನೋಡಿದರೆ ಬೇರೆಯೇ ಜೀವ.

ಮಧ್ಯಾಹ್ನ 1.00. ಮೊಸರನ್ನ. ರನ್‌ವೇಯ ಮೇಲೆ ಝಳ ಕುಣಿಯುತ್ತಿದೆ. ದೂರದಲ್ಲಿ ಎಲ್‌ಯುಎಚ್ ಹೆಲಿಕಾಪ್ಟರ್ ನೆಲದಿಂದ ಒಂದಾಳು ಎತ್ತರದಲ್ಲಿ ನಿಂತಿದೆ, ಹೊರಗೆರೆಯೆಲ್ಲ ನೀರಿನಲ್ಲಿ ಕಂಡ ಹಾಗೆ ಅಲೆಯುತ್ತಿದೆ. ಇದಕ್ಕೆ ಯಾವ ಸೆಟ್ಟಿಂಗೂ ಇಲ್ಲ. ಬಿಸಿಗಾಳಿಯ ಮುಂದೆ ದುಬಾರಿ ಲೆನ್ಸೂ ಒಂದೇ, ಅಗ್ಗದ್ದೂ ಒಂದೇ. ಹತ್ತಿರ ಬರಲಿ, ಮೇಲೆ ಏಳಲಿ, ಅಂತ ಕಾಯುವುದು.

ನಿಂತಲ್ಲೇ ನಿಂತ ಹೆಲಿಕಾಪ್ಟರ್ ಸುಲಭ ಅಂದುಕೊಳ್ಳುತ್ತಾರೆ. ನನಗೆ ಅದೇ ಕಷ್ಟ. ಓಡುವುದಾದರೆ ನನ್ನ ಮೈಯೂ ಅದರ ಜೊತೆ ಹರಿಯುತ್ತದೆ. ನಿಂತರೆ ನನ್ನ ಉಸಿರು, ಭುಜದ ನಡುಕ, ಎಲ್ಲ ಚಿತ್ರದಲ್ಲಿ ಬರುತ್ತದೆ.

3.20. ಸಾರಂಗ್. ಕೆಂಪು ಮೈ, ಅದರ ಮೇಲೆ ನವಿಲು. 2003ರಲ್ಲಿ ಬೆಂಗಳೂರಿನಲ್ಲೇ ಕಟ್ಟಿದ ತಂಡ, ಮುಂದಿನ ವರ್ಷ ಸಿಂಗಪುರದಲ್ಲಿ ಮೊದಲ ಪ್ರದರ್ಶನ. ಒಟ್ಟಿಗೆ ಬಂದಾಗ ಬಡಿತ ಒಂದರ ಮೇಲೊಂದು ಬಿದ್ದು ಕೆಲವೊಮ್ಮೆ ಒಂದಾಗುತ್ತದೆ, ಕೆಲವೊಮ್ಮೆ ಬಿಡಿ ಬಿಡಿ. ಸುತ್ತ ಮಕ್ಕಳು ಕಿರುಚುತ್ತಿದ್ದರು. ನಾನೂ ಕಿರುಚಿದೆ ಅನ್ನಿಸುತ್ತದೆ.

ಎದುರುಬದುರಾಗಿ ಬಂದು ದಾಟುವುದೊಂದಿದೆ. ಒಂದನ್ನು ಹಿಂಬಾಲಿಸಿದರೆ ಇನ್ನೊಂದು ಬರೀ ಕೆಂಪು ಗೆರೆ. ಎರಡೂ ಬೇಕೆಂದರೆ ಕ್ಯಾಮೆರಾ ನಿಲ್ಲಬೇಕು, ಶಟರ್ ಓಡಬೇಕು. ಯೋಚಿಸಿಯೇ ಡಯಲ್ ಯು1ಕ್ಕೆ ತಿರುಗಿಸಿದೆ. 1/2000. ಎರಡೂ ಓರೆಯಾಗಿ ಒಂದರ ಪಕ್ಕ ಒಂದು ಸಿಕ್ಕವು. ರೆಕ್ಕೆಗಳು ನಿಂತಿವೆ.

ಸಂಜೆ 5.30. ಬಸ್ಸಿನ ಸಾಲು. ತೋಳು ಎತ್ತಲಾಗುತ್ತಿಲ್ಲ. ಅಕ್ಕ ಫೋನ್ ಮಾಡಿ, "ಮುಗೀತಾ? ಎಲ್ಲ ಸರಿಯಾಗಿ ಇಳಿದವಾ?" ಅಂದಳು. ಹಿಂದಿನಿಂದ ಕೇಳಿಸಿದವರು ಯಾರು ಅಂತ ಗೊತ್ತಾಯಿತು. ಎಲ್ಲ ಇಳಿದವು ಅಂದೆ.

ಗುಬ್ಬಿ, 19 ಫೆಬ್ರವರಿ, ಭಾನುವಾರ

ಫೋಟೊ ಆರಿಸುತ್ತಿದ್ದೇನೆ. 1/125ರವು ಕೆಟ್ಟಿಲ್ಲ, ಆದರೆ ಎಲ್ಲವೂ ಒಂದೇ ಥರ. 1/60ರಲ್ಲಿ ಮೂತಿಯ ಹತ್ತಿರ ಮಾತ್ರ ಚೂಪಾಗಿ ಬಾಲ ಕರಗಿದ ಒಂದಿದೆ. ತೆಗೆದುಹಾಕಬೇಕಾದದ್ದು. ಮತ್ತೆ ಮತ್ತೆ ಅದಕ್ಕೇ ಹೋಗುತ್ತಿದ್ದೇನೆ.

ದಾಟುವ ಚಿತ್ರವನ್ನು ಇವರಿಗೆ ತೋರಿಸಿದೆ. "ಆಟದ ಸಾಮಾನು ದಾರ ಕಟ್ಟಿ ನೇತುಹಾಕಿದಂಗೈತೆ." ನಾನೂ ಅದನ್ನೇ ಅಂದುಕೊಂಡಿದ್ದೆ. ಪಕ್ಕದ ಫೋಲ್ಡರಿಗೆ ಹಾಕಿದೆ.

23 ಫೆಬ್ರವರಿ, ಗುರುವಾರ

ಚೇಳೂರು ಕಡೆ ಮದುವೆ. ಅಕ್ಷತೆ ಹಾಕುವಾಗ ಕೈ ತಾನಾಗಿ ಶಟರ್ ಇಳಿಸಿತು. ಇಷ್ಟು ವರ್ಷ ಫ್ಲ್ಯಾಶ್ ಹೊಡೆದು ಅಕ್ಕಿಕಾಳುಗಳನ್ನು ಗಾಳಿಯಲ್ಲೇ ನಿಲ್ಲಿಸುತ್ತಿದ್ದೆ. ಇವತ್ತು ಕಿಟಕಿ ಬೆಳಕಿನಲ್ಲಿ 1/40. ಮದುಮಕ್ಕಳ ಮೇಲೆ ಹಳದಿ ಗೆರೆಗಳ ಮಳೆ. ಇಬ್ಬರೂ ಅಲುಗದೆ ಕೂತಿದ್ದರು, ಪುಣ್ಯ.

ಹುಡುಗಿಯ ತಾಯಿ ಕ್ಯಾಮೆರಾದಲ್ಲೇ ನೋಡಿ, "ಇದೇನ್ ಮಂಕಾಗೈತಲ್ಲಮ್ಮ" ಅಂದರು. ಹುಡುಗಿಗೆ ಇಷ್ಟವಾಯಿತು. ಇವರಿಬ್ಬರಲ್ಲಿ ಆಲ್ಬಮ್ಮಿನ ದುಡ್ಡು ಕೊಡುವವರು ತಾಯಿ.

7 ಮಾರ್ಚ್, ಮಂಗಳವಾರ

ಪೇಪರಿನಲ್ಲಿ: ನಿನ್ನೆ ಜೇವರ್ಗಿಯಲ್ಲಿ ಯಡಿಯೂರಪ್ಪನವರ ಹೆಲಿಕಾಪ್ಟರ್ ಇಳಿಯುವ ಹೊತ್ತಿಗೆ ಹೆಲಿಪ್ಯಾಡ್ ಸುತ್ತ ಬಿದ್ದಿದ್ದ ಪ್ಲಾಸ್ಟಿಕ್ ಹಾಳೆ, ಕಸ ಎಲ್ಲ ಮೇಲೆದ್ದಿತು. ಪೈಲಟ್ ತಕ್ಷಣ ಮೇಲಕ್ಕೆ ಒಯ್ದು, ನೆಲ ಸ್ವಚ್ಛ ಮಾಡಿದ ಮೇಲೆ ಇಳಿಸಿದರು.

ವಿಡಿಯೊ ನೋಡಿದೆ. ತೆಗೆದವರ ಕೈ ನಡುಗಿಲ್ಲ. ನನ್ನ ಕೈ ನಡುಗುತ್ತಿತ್ತೇನೋ.

ಮಗಳಿಗೆ ನಾಡಿದ್ದು ಪರೀಕ್ಷೆ ಶುರು. ಅವಳಿಗೆ ಭಾವನ ಲೆಕ್ಕ ತೋರಿಸಿದೆ. ಒಂದು ನಿಮಿಷದಲ್ಲಿ ಮಾಡಿ ಮುಗಿಸಿ, "ಇದು ಕೋನೀಯ ವೇಗ ಅಷ್ಟೇ ಅಮ್ಮ" ಅಂದಳು.

23 ಮಾರ್ಚ್, ಗುರುವಾರ, ಯುಗಾದಿ ಮಾರನೆಯ ದಿನ

ಅಕ್ಕ ಭಾವ ಹಬ್ಬಕ್ಕೆ ಬಂದಿದ್ದಾರೆ. ಹೋಳಿಗೆ ಊಟ ಆಗಿ ಎಲ್ಲರೂ ಮಲಗಿದ್ದಾಗ ಭಾವ ಸ್ಟುಡಿಯೊಗೆ ಬಂದರು. ಕರೆದಿರಲಿಲ್ಲ. ಕುರ್ಚಿ ಎಳೆದುಕೊಂಡು ಮಾನಿಟರ್ ಮುಂದೆ ಕೂತರು. "ಹಾಕು ನೋಡನ."

1/60ರವನ್ನು ಮೊದಲು ಹಾಕಿದೆ. ನನಗೆ ಹೆಮ್ಮೆ ಇದ್ದದ್ದು ಅವುಗಳ ಮೇಲೆಯೇ. "ಚೆನ್ನಾಗವೆ" ಅಂದರು. ಮುಂದಕ್ಕೆ. ಮುಂದಕ್ಕೆ. ಎಲ್ಲ ಮುಗಿದ ಮೇಲೆ ಪಕ್ಕದ ಫೋಲ್ಡರಿನಲ್ಲಿ ಏನಿದೆ ಅಂತ ಕೇಳಿದರು. ಬೇಡದವು ಅಂದೆ. ತೆಗೆಸಿದರು.

ದಾಟುವ ಚಿತ್ರ ಬಂತು. ಕನ್ನಡಕ ಒರೆಸಿಕೊಂಡರು. ದೊಡ್ಡದು ಮಾಡು. ಇನ್ನೂ. ರೆಕ್ಕೆಯ ಬುಡಕ್ಕೆ ಹೋಗು. ಈಗ ತುದಿಗೆ.

"ನೋಡಮ್ಮ, ಹೆಂಗೆ ಬಾಗೈತೆ."

ನಾನು ನೋಡಿರಲೇ ಇಲ್ಲ. ಓರೆಯಾಗಿ ತಿರುವು ತೆಗೆದುಕೊಳ್ಳುವಾಗ ನಾಲ್ಕೂ ರೆಕ್ಕೆ ಮೇಲಕ್ಕೆ ಬಾಗಿವೆ. ನೆಲದ ಮೇಲೆ ರೆಕ್ಕೆ ತಿರುಗದೆ ನಿಂತ ಹೆಲಿಕಾಪ್ಟರಿನಲ್ಲಿ ಅವು ಕೆಳಕ್ಕೆ ಜೋತಿರುತ್ತವೆ. ಇಡೀ ಯಂತ್ರದ ಭಾರ, ತಿರುವಿನ ಭಾರ, ಎಲ್ಲ ಅವುಗಳ ಮೇಲೆ. ಧ್ರುವದ ರೋಟರಿನಲ್ಲಿ ಕೀಲು ಇಲ್ಲ ಅಂತ ಭಾವ ಹೇಳಿದರು. ಬೇರೆ ಎಷ್ಟೋ ಹೆಲಿಕಾಪ್ಟರುಗಳಲ್ಲಿ ರೆಕ್ಕೆಯ ಬುಡದಲ್ಲಿ ಕೀಲಿಟ್ಟು ಮೇಲೆ ಕೆಳಗೆ ಆಡಲು ಬಿಡುತ್ತಾರೆ. ಇದರಲ್ಲಿ ಆ ಕೆಲಸವನ್ನೂ ರೆಕ್ಕೆಯೇ ಮಾಡಬೇಕು, ತಾನೇ ಬಾಗಿ. ನಾರು ಮತ್ತು ಅಂಟಿನ ಪದರದ ಮೇಲೆ ಪದರ, ಅದನ್ನು ಕೂರಿಸಿದ್ದು ಕೈಯಲ್ಲಿ.

ರೆಕ್ಕೆಗಳೆಲ್ಲ ಒಂದೇ ದಾರಿಯಲ್ಲಿ ತಿರುಗುತ್ತಿವೆಯಾ ಅಂತ ನೋಡಲು ಹಿಂದೆ ಸ್ಟ್ರೋಬ್ ದೀಪ ಹಿಡಿಯುತ್ತಿದ್ದರಂತೆ. ರೆಕ್ಕೆಯ ಲಯಕ್ಕೆ ಸರಿಯಾಗಿ ದೀಪ ಮಿನುಗಿದರೆ, ತಿರುಗುತ್ತಿರುವ ರೆಕ್ಕೆ ಕಣ್ಣಿಗೆ ನಿಂತಂತೆ ಕಾಣುತ್ತದೆ. "ನಾವು ನೋಡ್ತಿದ್ದದ್ದೇ ಹಿಂಗೆ. ನಿಲ್ಲಿಸಿಯೇ." ಆದರೆ ನೆಲದ ಮೇಲೆ. ಮೇಲೆ ಹೋದಾಗ ಹೇಗೆ ಬಾಗುತ್ತದೆ ಅನ್ನುವುದನ್ನು ಅವರು ಕಾಗದದ ಮೇಲೆ ಬಲ್ಲರು.

ಎಷ್ಟು ಹೊತ್ತು ಕೂತಿದ್ದರೋ. ಕಾಫಿಗೆ ಅಕ್ಕ ಕರೆದರೂ ಏಳಲಿಲ್ಲ. ಕಿವಿ ಕೇಳದೆ ಇದ್ದದ್ದೋ, ಬೇರೆಯೋ.

ಇದನ್ನೇ ದೊಡ್ಡದು ಪ್ರಿಂಟ್ ಮಾಡಿಕೊಡು ಅಂದರು.

24 ಮಾರ್ಚ್, ಶುಕ್ರವಾರ

ರೆಕ್ಕೆ ನಿಲ್ಲಬಾರದು ಅಂತ ಇಷ್ಟು ದಿನ ಹೇಳಿಕೊಂಡು ಬಂದೆ. ನಿನ್ನೆಯಿಂದ ಆ ಮಾತು ಗಂಟಲಲ್ಲಿ ಸಿಕ್ಕಿಕೊಂಡಿದೆ. 1/60ರ ಚಿತ್ರ ಹಾರಾಟ ತೋರಿಸುತ್ತದೆ, ಅದು ಸುಳ್ಳಲ್ಲ. ಆದರೆ ಮಸುಕಿನ ಒಳಗೆ ಹೊರುವ ರೆಕ್ಕೆಯೇ ಕಾಣೆ. 1/2000ರ ಚಿತ್ರದಲ್ಲಿ ಹಾರಾಟ ಇಲ್ಲ, ಹೊರುವುದು ಇದೆ. ನನ್ನ ಬರಿಗಣ್ಣು ಅಲ್ಲಿ ಕಂಡದ್ದು ಇವೆರಡೂ ಅಲ್ಲ. ಒಂದು ತೆಳ್ಳನೆಯ ಮಿನುಗು ಮಾತ್ರ ಕಂಡಿದ್ದೆ.

ಅವತ್ತು ಸಾರಂಗ್ ಎದುರು ನಿಂತಾಗ ನನಗೆ ಬೇಕಾಗಿದ್ದುದು ಏನು? ಚೆಂದದ ಚಿತ್ರ. ಭಾವನಿಗೆ ಬೇಕಾದದ್ದು ಚೆಂದ ಅಲ್ಲ.

29 ಮಾರ್ಚ್, ಬುಧವಾರ

ಚುನಾವಣೆ ಘೋಷಣೆ. ಮೇ 10 ಮತದಾನ, 13 ಎಣಿಕೆ. ಗುರುಮೌಢ್ಯ ಬೇರೆ, ಏಪ್ರಿಲಿನಲ್ಲಿ ಮುಹೂರ್ತಗಳೇ ಇಲ್ಲದಷ್ಟು ಕಡಿಮೆ. ಪೇಪರಿನ ವರದಿಗಾರರೊಬ್ಬರು ಪ್ರಚಾರದ ಫೋಟೊ ಬೇಕು ಅಂದಿದ್ದಾರೆ. ಒಪ್ಪಿಕೊಂಡೆ. ದುಡ್ಡೂ ಬೇಕು. ಹೆಲಿಕಾಪ್ಟರುಗಳೂ ಬರುತ್ತವೆ.

24 ಏಪ್ರಿಲ್, ಸೋಮವಾರ

ಕಾಲೇಜು ಮೈದಾನ. ಸುಣ್ಣದ ದುಂಡು, ಒಳಗೆ ಎಚ್. ಬೆಳಿಗ್ಗೆಯಿಂದ ಟ್ಯಾಂಕರಿನಲ್ಲಿ ನೀರು ಹೊಡೆದರೂ ಹತ್ತು ಗಂಟೆಗೆ ಒಣಗಿ ಬಿರುಕು. ಅಗ್ನಿಶಾಮಕದವರು ನೆರಳು ಹುಡುಕುತ್ತಿದ್ದರು. ಜನ ಮರದ ಮೇಲೆ, ಕಾಂಪೌಂಡಿನ ಮೇಲೆ. ಸಭೆಗೆ ಬಂದವರಿಗಿಂತ ಹೆಲಿಕಾಪ್ಟರ್ ನೋಡಲು ಬಂದವರೇ ಹೆಚ್ಚು. ಅವರಲ್ಲಿ ನಾನೂ ಒಬ್ಬಳು.

ಉದ್ದ ಲೆನ್ಸ್ ಇಲ್ಲ, 24-70. ಬಿಳಿ ಮೈ, ನಾಲ್ಕು ರೆಕ್ಕೆ. ಸಣ್ಣ ರೋಟರ್ ಆದ್ದರಿಂದ ಧ್ರುವಕ್ಕಿಂತ ಜೋರು, ನಿಮಿಷಕ್ಕೆ ನಾಲ್ಕುನೂರರ ಹತ್ತಿರ ಇರಬೇಕು. 1/125ರಲ್ಲೇ ಇಪ್ಪತ್ತು ಡಿಗ್ರಿ ಸರಿಯುತ್ತದೆ. ಇಳಿಯುವಾಗ 1/80ಕ್ಕೆ ಹಾಕಿಕೊಂಡೆ. ಲೆನ್ಸಿನ ಮುಂದೆ ಯುವಿ ಗಾಜು, ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಕವರ್, ರಬ್ಬರ್ ಬ್ಯಾಂಡು ಎರಡು ಸುತ್ತು. ಸಡಿಲವಾದದ್ದು ಒಂದೂ ಮೈಮೇಲೆ ಇರಬಾರದು. ಸೆರಗು ಸೊಂಟಕ್ಕೆ ಸಿಕ್ಕಿಸಿ ಪಿನ್ನು. ಜೇವರ್ಗಿ ನೆನಪಿತ್ತು.

ಗಾಳಿ ಹೊಡೆಯಿತು. ಹೊಡೆತ ಅಂದರೆ ಹೊಡೆತವೇ. ಕೆಂಪು ಧೂಳು ದುಂಡಗೆ ಎದ್ದು ಹೊರಕ್ಕೆ ಓಡಿತು, ಜನ ಮುಖ ಮುಚ್ಚಿಕೊಂಡು ಹಿಂದಕ್ಕೆ ಬಾಗಿದರು, ಒಬ್ಬ ಅಜ್ಜನ ಟವೆಲ್ ಹಾರಿತು. ನಾನು ಹೆಲಿಕಾಪ್ಟರ್ ಬಿಟ್ಟು ಜನರ ಕಡೆ ತಿರುಗಿದೆ. 1/80ರಲ್ಲಿ ಧೂಳು ಹರಿಯುತ್ತಿತ್ತು, ಅಜ್ಜ ಮಾತ್ರ ಅಲುಗದೆ ನಿಂತಿದ್ದ.

ರಾತ್ರಿ ಕಳಿಸಿದೆ.

26 ಏಪ್ರಿಲ್, ಬುಧವಾರ

ಪೇಪರಿನಲ್ಲಿ ಬಂದದ್ದು ನಾಯಕರು ಬಾಗಿಲಿಂದ ಕೈಬೀಸುತ್ತಿರುವುದು, 1/1000. ರೆಕ್ಕೆ ಕತ್ತರಿಸಿ ಹಾಕಿದ್ದಾರೆ. ಅದು ಅವರ ಲೆಕ್ಕ. ಸುದ್ದಿಗೆ ಮುಖ ಬೇಕು.

ಅಜ್ಜನ ಚಿತ್ರ ನನ್ನ ಹತ್ತಿರವೇ ಇದೆ.

ಭಾವನ ಪ್ರಿಂಟ್ ಬಂತು, 20x30. ತುದಿಗಳಲ್ಲಿ ಅರ್ಧ ಗೇಣಿನ ಮಸುಕು ಗೊತ್ತಾಗುತ್ತದೆ. ಪೂರ್ತಿ ನಿಂತಿಲ್ಲ. ಇವರು ಬೆಂಗಳೂರಿಗೆ ಹೋಗುವಾಗ ಕೊಟ್ಟು ಕಳಿಸಿದೆ. ಜೊತೆಗೆ 1/60ರದ್ದೂ ಒಂದು, ಅದೇ ಅಳತೆ. ಕೇಳಿರಲಿಲ್ಲ, ಆದರೂ.

3 ಮೇ, ಬುಧವಾರ

ನಿನ್ನೆ ಡಿ.ಕೆ. ಶಿವಕುಮಾರ್ ಅವರ ಹೆಲಿಕಾಪ್ಟರಿಗೆ ಹೊಸಕೋಟೆ ಬಳಿ ಹದ್ದು ಬಡಿದು ಮುಂದಿನ ಗಾಜು ಒಡೆಯಿತು. ಜಕ್ಕೂರಿನಿಂದ ಮುಳಬಾಗಿಲಿಗೆ ಹೊರಟಿದ್ದರು, ಎಚ್‌ಎಎಲ್‌ನಲ್ಲಿ ಇಳಿಸಿದರು. ಯಲಹಂಕದ ಹದ್ದುಗಳು ಕಣ್ಣ ಮುಂದೆ ಬಂದವು. ಅವತ್ತು ಫೋಕಸ್ ಒಂದೆರಡು ಸಲ ಹದ್ದಿನ ಮೇಲೆ ಹೋಗಿ ಕೂತಾಗ ಬೈದುಕೊಂಡಿದ್ದೆ, ಅಷ್ಟೇ.

ಅಕ್ಕನ ಫೋನ್. ಭಾವ ನಿನ್ನೆ ಮಹಡಿಗೆ ಹೋಗಿ ನಿಂತಿದ್ದರಂತೆ, ಅದು ಇಳಿಯುವ ಸುದ್ದಿ ಟಿವಿಯಲ್ಲಿ ಬರುವುದಕ್ಕೂ ಮೊದಲೇ. ಬಡಿತದಲ್ಲಿ ಏನೋ ಗೊತ್ತಾಯಿತು ಅಂದರಂತೆ. ಗೊತ್ತಾಗಲು ಸಾಧ್ಯವಾ? ಗಾಜು ಒಡೆದರೆ ರೆಕ್ಕೆಯ ಬಡಿತ ಬದಲಾಗುವುದಿಲ್ಲ. ನನಗೆ ಅರ್ಥವಾಗುತ್ತಿಲ್ಲ.

ಪ್ರಿಂಟ್ ಏನಾಯಿತು ಅಂತ ಕೇಳಿದೆ. 1/60ರದ್ದನ್ನು ಹಾಲಿನಲ್ಲಿ ಹಾಕಿದ್ದಾರೆ, ಬಂದವರೆಲ್ಲ ಚೆನ್ನಾಗಿದೆ ಅಂತಾರೆ. ಇನ್ನೊಂದು ಬೀರುವಿನಲ್ಲಿದೆ. ಮಧ್ಯಾಹ್ನ ಒಮ್ಮೊಮ್ಮೆ ತೆಗೆದು ಮಂಚದ ಮೇಲೆ ಹರಡಿಕೊಂಡು, ಭೂತಗನ್ನಡಿ ಹಿಡಿದು ನೋಡುತ್ತಾರೆ. "ಏನ್ ನೋಡ್ತಾರೋ ನಂಗೊತ್ತಿಲ್ಲ ಕಣೆ."

9 ಮೇ, ಮಂಗಳವಾರ

ಬಹಿರಂಗ ಪ್ರಚಾರ ನಿನ್ನೆ ಮುಗಿಯಿತು. ಆಕಾಶ ಖಾಲಿ. ಮೌಢ್ಯ ಕಳೆದು ಮದುವೆಗಳು ಮತ್ತೆ ಶುರು, ಸಾಲಾಗಿ. ಚೇಳೂರಿನ ಆಲ್ಬಮ್ ಪ್ರೂಫ್ ಒಪ್ಪಿಗೆಗೆ ಕಳಿಸಿದೆ. ಅಕ್ಷತೆಯ ಗೆರೆಗಳ ಚಿತ್ರವನ್ನು ಕೊನೆಯ ಹಾಳೆಯಲ್ಲಿ ಇಟ್ಟಿದ್ದೇನೆ. ತಾಯಿ ಬೇಡ ಅಂದರೆ ತೆಗೆಯಬೇಕಾಗುತ್ತದೆ.

21 ಮೇ, ಭಾನುವಾರ

ಭಾವ ತಾವೇ ಫೋನ್ ಮಾಡಿದ್ದರು. ಸಾಮಾನ್ಯವಾಗಿ ಅಕ್ಕ ಮಾಡಿ ಅವರಿಗೆ ಕೊಡುವುದು ರೂಢಿ.

ದಸರಾದಲ್ಲಿ ಮೈಸೂರಿನಲ್ಲಿ ಸಾರಂಗ್ ಇರುತ್ತದಾ ಅಂತ ಕೇಳಿದರು. ಇನ್ನೂ ಯಾರೂ ಹೇಳಿಲ್ಲ ಅಂದೆ. ಇದ್ದರೆ ನೀನು ಹೋಗ್ತೀಯಾ? ಹೋಗ್ತೀನಿ. ಹಾಗಿದ್ದರೆ ಇನ್ನೊಂದು ಬೇಕು: ನೇರ ಪಕ್ಕದಿಂದ, ಮೂಗು ಎತ್ತಿ ವೇಗ ಕಡಿಮೆ ಮಾಡುವ ಹೊತ್ತಿನಲ್ಲಿ. ಆಗ ರೆಕ್ಕೆಗಳು ಹೇಗೆ ಇರುತ್ತವೆ ನೋಡಬೇಕು. "ನೀವೂ ಬನ್ನಿ" ಅನ್ನುವುದು ಬಾಯಿಗೆ ಬಂದಿತ್ತು. ಅನ್ನಲಿಲ್ಲ. ಅಂದಿದ್ದರೆ ಬರುತ್ತಿದ್ದರೋ ಏನೋ.

ಡಯಲ್ ಮತ್ತೆ ಕೂರಿಸಿದೆ. ಯು1: 1/3200, ಐಎಸ್‌ಒ 400, ಎಫ್/5.6. ಭಾವನಿಗೆ. ಯು2: 1/50. 1/60ರಲ್ಲೇ ಹೆಚ್ಚಿನವು ಹಾಳಾಗುತ್ತವೆ, 1/50 ಇನ್ನೂ ಕಷ್ಟ. ಅಕ್ಟೋಬರಿಗೆ ಇನ್ನೂ ಸಮಯ ಇದೆ. ಬಸ್ಸುಗಳಂತೂ ದಿನವೂ ಓಡುತ್ತವೆ.